ಪಿಕಪ್ ಮೇಲಿನ ರೈಲು ಹಾರ್ನಿಗೆ ಗಾಳಿ ಟ್ಯಾಂಕು ಮತ್ತು ಫಿಟ್ಟಿಂಗು: ಎರಡು ಜೋಡಣೆಗಳನ್ನು ಬಳಸಿ ನೋಡಿದ ಮೇಲೆ

ಹಾರ್ನಿನ ಗುಂಡಿಯನ್ನು ಒತ್ತಿ ಹಿಡಿದಾಗ ಟ್ಯಾಂಕಿನ ಮೀಟರ್ 140 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ತೋರಿಸುತ್ತಿತ್ತು. ಅದೇ ಕ್ಷಣದಲ್ಲಿ, ಹಾರ್ನಿನ ಬುಡಕ್ಕೆ ನಾನು ಹೊಸದಾಗಿ ಕೂರಿಸಿದ್ದ ಇನ್ನೊಂದು ಮೀಟರಿನ ಮುಳ್ಳು 50ರ ಆಸುಪಾಸಿನಲ್ಲಿ ನಡುಗುತ್ತಿತ್ತು. ನಡುವೆ ಇದ್ದದ್ದು ಹದಿನಾಲ್ಕು ಅಡಿ ಕೊಳವೆ, ಗುಂಡಿ ಒತ್ತಿದಾಗ ವಿದ್ಯುತ್ತಿನಿಂದ ತೆರೆಯುವ ಒಂದು ಸೊಲೆನಾಯ್ಡ್ ವಾಲ್ವ್, ಕೊಳವೆಯನ್ನು ತಿರುಗಿಸುವ ನಾಲ್ಕು ಎಲ್ಬೋ ಮತ್ತು ದೊಡ್ಡ ಬಾಯಿಯನ್ನು ಚಿಕ್ಕದಕ್ಕೆ ಹೊಂದಿಸುವ ಎರಡು ರೆಡ್ಯೂಸರ್ ಬುಷ್. ಕಂಪ್ರೆಸರ್ ಬೆವರು ಸುರಿಸಿ ತುಂಬಿಸಿದ್ದ ಒತ್ತಡದ ಮೂರನೇ ಎರಡು ಪಾಲನ್ನು ಹತ್ತಿರಹತ್ತಿರ ಈ ದಾರಿಯೇ ತಿಂದುಹಾಕುತ್ತಿತ್ತು. ಎಂಟು ತಿಂಗಳ ಕಾಲ ನಾನು ಹಾರ್ನನ್ನೇ ಅನುಮಾನಿಸಿದ್ದೆ, ಅದರ ಡಯಾಫ್ರಾಮುಗಳನ್ನು (ಕಂಪಿಸಿ ಸದ್ದು ಹುಟ್ಟಿಸುವ ತೆಳು ತಟ್ಟೆಗಳನ್ನು) ಬಿಚ್ಚಿ ಒರೆಸಿ ಮತ್ತೆ ಕೂರಿಸಿದ್ದೆ. ತಪ್ಪು ಇದ್ದದ್ದು ಟ್ಯಾಂಕಿನಲ್ಲಿ ಮತ್ತು ಫಿಟ್ಟಿಂಗುಗಳಲ್ಲಿ. ಆ ಕಾರಣಕ್ಕೆ ಈ ವಿಮರ್ಶೆಯಲ್ಲಿ ಹಾರ್ನಿನ ಬಗ್ಗೆ ಕಡಿಮೆ ಬರೆದು, ಅದರ ಹಿಂದೆ ಇರಬೇಕಾದ ಗಾಳಿಯ ವ್ಯವಸ್ಥೆಯ ಬಗ್ಗೆಯೇ ಹೆಚ್ಚು ಬರೆಯುತ್ತಿದ್ದೇನೆ.

ನಾನು ಇರುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಸಮೀಪ. ಇಲ್ಲಿಗೆ ಬರುವ ಮೊದಲು ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಂಪ್ರೆಸರ್ ಮತ್ತು ಗಾಳಿಯ ಲೈನುಗಳ ನಿರ್ವಹಣೆಯನ್ನು ಆರು ವರ್ಷ ನೋಡಿಕೊಂಡಿದ್ದೆ. ಬಾಲ್ಯ ಕಳೆದದ್ದು ಅರಸೀಕೆರೆಯಲ್ಲಿ, ಜಂಕ್ಷನ್ನಿನ ಸದ್ದು ಮನೆಯೊಳಗೆ ಕೇಳುವಷ್ಟು ಹತ್ತಿರದಲ್ಲಿ. ಎಂಜಿನ್ನಿನ ಕೂಗಿನ ಮೇಲಿನ ಪ್ರೀತಿ ಅಲ್ಲಿಂದ ಬಂದದ್ದು. ಗೆಳೆಯರೊಬ್ಬರ ರಾಂಚ್‌ನಲ್ಲಿ, ಮೈಲುಗಟ್ಟಲೆ ಯಾರೂ ಇಲ್ಲದ ಬಯಲಿನಲ್ಲಿ, ರೈಲುಪ್ರಿಯರು ವರ್ಷಕ್ಕೆ ಮೂರು ನಾಲ್ಕು ಬಾರಿ ಸೇರಿ ತಮ್ಮ ತಮ್ಮ ಹಾರ್ನುಗಳನ್ನು ಊದಿ ಕೇಳಿಸುತ್ತಾರೆ. ನನ್ನ ಪಿಕಪ್ಪಿನ ಮೇಲಿರುವ ಹಾರ್ನ್ ಆ ಕೂಟಕ್ಕಾಗಿಯೇ ಹೊರತು ರಸ್ತೆಗಾಗಿ ಅಲ್ಲ.

ಹಾರ್ನ್ ಯಾವುದೆಂದು ಹೇಳಿಬಿಡುತ್ತೇನೆ: ನೇಥನ್ ಏರ್‌ಚೈಮ್ ಕಂಪನಿಯ ಕೆ3ಎಲ್ಎ, ಅಂದರೆ ಅಮೆರಿಕದ ಡೀಸೆಲ್ ಎಂಜಿನ್ನುಗಳ ಮೇಲೆ ಕೂರುವ ಮೂರು ಗಂಟೆಗಳ, ಅಂದರೆ ಸದ್ದು ಹೊರಡುವ ಮೂರು ತುತ್ತೂರಿಬಾಯಿಗಳ, ನಿಜವಾದ ರೈಲು ಹಾರ್ನ್. ಉಗಿಬಂಡಿಯ ಸಿಳ್ಳಿಗೆ ಕಿವಿ ಒಗ್ಗಿದ ಜನರಿಗೆ ಡೀಸೆಲ್ ಎಂಜಿನ್ನಿನ ಒಂಟಿ ಸ್ವರದ ಕೂಗು ರೈಲೆಂದೇ ಅನ್ನಿಸುತ್ತಿಲ್ಲ ಎಂಬುದನ್ನು ಕಂಡು ಹಲವು ಸ್ವರಗಳ ಗಾಳಿ ಹಾರ್ನನ್ನು ರೂಪಿಸಿದವರು ಕೆನಡಾದ ರಾಬರ್ಟ್ ಸ್ವಾನ್ಸನ್. ಕೆ3ಎಲ್ಎಯ ಮೂರು ಗಂಟೆಗಳು ಡಿ ಶಾರ್ಪ್, ಎಫ್ ಶಾರ್ಪ್ ಮತ್ತು ಬಿ ಸ್ವರಗಳಲ್ಲಿ ನುಡಿಯುತ್ತವೆ. ನಮ್ಮ ಸಂಗೀತದ ಲೆಕ್ಕದಲ್ಲಿ ಬಿ ಸ್ವರವನ್ನು ಷಡ್ಜವೆಂದು ಹಿಡಿದರೆ ಇವು ಕ್ರಮವಾಗಿ ಅಂತರ ಗಾಂಧಾರ, ಪಂಚಮ ಮತ್ತು ಮೇಲಿನ ಷಡ್ಜ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಗಾಳಿ ಸಾಲದೆ ಹೋದಾಗ ಮೂರು ಸ್ವರಗಳೂ ಒಟ್ಟಿಗೆ ಕುಗ್ಗುವುದಿಲ್ಲ. ನನ್ನ ಹಾರ್ನಿನಲ್ಲಿ ಷಡ್ಜ ಹೇಗೋ ನಿಲ್ಲುತ್ತಿತ್ತು, ದೊಡ್ಡ ಗಂಟೆಯ ಗಾಂಧಾರ ಮಾತ್ರ ಮೊದಲು ಬಡಕಲಾಗಿ, ಆಮೇಲೆ ಗೊಗ್ಗರಾಗಿ, ಕೊನೆಗೆ ಬರೀ ಗಾಳಿಯ ಸದ್ದಾಗುತ್ತಿತ್ತು. ಸ್ವರಮೇಳ ಹೀಗೆ ಒಡೆಯುತ್ತಿದ್ದರೆ ಹಾರ್ನನ್ನು ಬಿಚ್ಚುವ ಮೊದಲು ಗಾಳಿಯ ದಾರಿಯನ್ನು ಪರೀಕ್ಷಿಸಿ ಎನ್ನುವುದು ನನ್ನ ಮೊದಲ ಸಲಹೆ.

ನಾನು ಮೊದಲು ಕೊಂಡದ್ದು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುವ ಸಿದ್ಧ ಸೆಟ್ಟು. ಅದರಲ್ಲಿ 3 ಗ್ಯಾಲನ್‌ನ (ಇಲ್ಲಿನ ಒಂದು ಗ್ಯಾಲನ್ ಸುಮಾರು 3.8 ಲೀಟರ್) ಉಕ್ಕಿನ ಟ್ಯಾಂಕ್ ಇತ್ತು, ಅದರ ಎಲ್ಲ ಬಾಯಿಗಳೂ ಕಾಲಿಂಚಿನವು, ಜೊತೆಗೆ ಕಾಲಿಂಚು ಹೊರವ್ಯಾಸದ ಕೊಳವೆ ಮತ್ತು ಪ್ಲಾಸ್ಟಿಕ್ ಮೈಯ ಒತ್ತಿ ಸೇರಿಸುವ ಫಿಟ್ಟಿಂಗುಗಳು. ಟ್ಯಾಂಕಿನ ಮೇಲೆ 150 ಪಿಎಸ್ಐ ಎಂದು ಬರೆದ ಅಂಟುಚೀಟಿಯೊಂದಿತ್ತೇ ಹೊರತು ಯಾವ ಮಾನದಂಡಕ್ಕೆ ಅನುಗುಣವಾಗಿ ತಯಾರಾಯಿತು, ಯಾವ ವರ್ಷ ತಯಾರಾಯಿತು, ಯಾರು ಪರೀಕ್ಷಿಸಿದರು ಎನ್ನುವ ಲೋಹದ ಫಲಕ ಇರಲಿಲ್ಲ. ಎಂಟನೆಯ ತಿಂಗಳಲ್ಲಿ ಡ್ರೇನ್ ಕಾಕ್ ಬಿಚ್ಚಿದಾಗ ಹೊರಬಂದ ನೀರು ಚಹಾದ ಬಣ್ಣದಲ್ಲಿತ್ತು, ಬೆರಳಿಗೆ ತುಕ್ಕಿನ ಪುಡಿ ಹತ್ತಿತು. ಸಣ್ಣ ಕಾರುಗಳಿಗೆಂದು ಮಾಡಿದ ಆಟಿಕೆಯಂಥ ತುತ್ತೂರಿಗಳಿಗೆ ಈ ಸೆಟ್ಟು ಸಾಕಾಗಬಹುದು. ರೈಲ್ವೆಯ ಹಾರ್ನಿಗೆ ಇದು ಯಾವ ರೀತಿಯಲ್ಲೂ ಹೊಂದುವುದಿಲ್ಲ, ಮತ್ತು ಹೊಂದುತ್ತದೆಂದು ಪೆಟ್ಟಿಗೆಯ ಮೇಲೆ ಬರೆಯಬಾರದಿತ್ತು.

ಟ್ಯಾಂಕಿನ ಗಾತ್ರವನ್ನು ಆರಿಸುವಾಗ ಬಹಳ ಜನ ಗ್ಯಾಲನ್ ಒಂದನ್ನೇ ನೋಡುತ್ತಾರೆ, ಇಲ್ಲವೇ ಪಿಎಸ್ಐ ಒಂದನ್ನೇ ನೋಡುತ್ತಾರೆ. ನೋಡಬೇಕಾದದ್ದು ಎರಡರ ಗುಣಲಬ್ಧವನ್ನು, ಅದರಲ್ಲೂ ಉಪಯೋಗಕ್ಕೆ ಬರುವ ಒತ್ತಡದ ಪಾಲನ್ನು ಮಾತ್ರ. ನನ್ನ ಹಾರ್ನ್ 90 ಪಿಎಸ್ಐಗಿಂತ ಕೆಳಗೆ ಇಳಿದಾಗ ಸೊಗಸು ಕಳೆದುಕೊಳ್ಳುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ 90ರ ಕೆಳಗೆ ಉಳಿದಿರುವ ಗಾಳಿ ನನ್ನ ಪಾಲಿಗೆ ಇದ್ದೂ ಇಲ್ಲದಂತೆ. 5 ಗ್ಯಾಲನ್‌ನ ಒಂದು ಟ್ಯಾಂಕನ್ನು 200 ಪಿಎಸ್ಐವರೆಗೆ ತುಂಬಿಸಿದರೆ ಬಳಕೆಗೆ ಸಿಗುವುದು 110 ಪಿಎಸ್ಐ, ಗುಣಿಸಿದರೆ 550. ಅಂಥವೇ ಎರಡು ಟ್ಯಾಂಕುಗಳನ್ನು ಸೇರಿಸಿ 145 ಪಿಎಸ್ಐವರೆಗೆ ಮಾತ್ರ ತುಂಬಿಸಿದರೆ ಬಳಕೆಗೆ ಸಿಗುವುದು 55 ಪಿಎಸ್ಐ, 10 ಗ್ಯಾಲನ್‌ಗೆ ಗುಣಿಸಿದರೆ ಅದೂ 550. ವಾಯುಮಂಡಲದ ಒತ್ತಡವಾದ 14.7ರಿಂದ ಭಾಗಿಸಿದರೆ ಎರಡೂ ಸಂದರ್ಭಗಳಲ್ಲಿ ಹಾರ್ನಿಗೆ ದಕ್ಕುವುದು ಸುಮಾರು 37 ಗ್ಯಾಲನ್ ಮುಕ್ತ ಗಾಳಿ, ಅಂದರೆ 5 ಘನ ಅಡಿ. ನನ್ನ ಹಳೆಯ 3 ಗ್ಯಾಲನ್ ಟ್ಯಾಂಕಿಗೆ ಇದೇ ಲೆಕ್ಕ ಹಾಕಿದರೆ 11 ಗ್ಯಾಲನ್ನಿನ ಚೂರು ಮೇಲೆ ಬರುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ನಿರೀಕ್ಷಿಸಿದ್ದೇ ಸರಿಯಲ್ಲ.

ನಾನು ಎರಡನೆಯ ದಾರಿ ಹಿಡಿದೆ. 200 ಪಿಎಸ್ಐಗೆ ಹೋಗಬೇಕೆಂದರೆ ಟ್ಯಾಂಕ್ ಮಾತ್ರವಲ್ಲ, ಕಂಪ್ರೆಸರ್, ಕೊಳವೆ, ವಾಲ್ವ್, ಮೀಟರ್, ಪ್ರತಿಯೊಂದು ಎಲ್ಬೋ ಕೂಡ ಆ ಒತ್ತಡವನ್ನು ತಡೆಯುವಂಥದ್ದೇ ಆಗಿರಬೇಕು. ವಯೇರ್ 444ಸಿಯಂಥ ಜೋಡಿ ಕಂಪ್ರೆಸರುಗಳು 200ರವರೆಗೂ ತುಂಬಿಸುತ್ತವೆ, ಅದರಲ್ಲಿ ಸಂಶಯವಿಲ್ಲ. ಆದರೆ ಇಲ್ಲಿನ ಲಾರಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, ಎಸ್‌ಎಇ (ವಾಹನ ಎಂಜಿನಿಯರುಗಳ ಸಂಘ) ಗೊತ್ತುಪಡಿಸಿದ ಜೆ844 ಮಾನದಂಡದ ನೈಲಾನ್ ಏರ್‌ಬ್ರೇಕ್ ಕೊಳವೆಗೆ ನಿಗದಿಯಾದ ಗರಿಷ್ಠ ಕೆಲಸದ ಒತ್ತಡ 150 ಪಿಎಸ್ಐ. 200 ಪಿಎಸ್ಐ ಕಂಪ್ರೆಸರಿಗೆ ಇದೇ ಕೊಳವೆಯನ್ನು ಜೋಡಿಸಿ "ಇಷ್ಟು ದಿನ ಏನೂ ಆಗಿಲ್ಲ" ಎನ್ನುವ ಗಾಡಿಗಳನ್ನು ನಾನು ಕಂಡಿದ್ದೇನೆ. ಗಾಡಿಯ ಕೆಳಗೆ, ಸೈಲೆನ್ಸರಿನ ಬಿಸಿಯ ಪಕ್ಕದಲ್ಲಿ, ಕಲ್ಲು ಸಿಡಿಯುವ ಜಾಗದಲ್ಲಿ ಆ ಮಾತನ್ನು ನಂಬಿ ಕೂರಲು ನನ್ನಿಂದಾಗದು.

ಇಲ್ಲಿ ಒಂದು ಸಂಗತಿಯನ್ನು ಒಪ್ಪಿಕೊಳ್ಳಲೇಬೇಕು. ಮೇಲಿನ ಲೆಕ್ಕ ಟ್ಯಾಂಕು ಪೂರ್ತಿ ತುಂಬಿರುವಾಗಿನದು. ಒತ್ತಡದ ಸ್ವಿಚ್ಚು 145ಕ್ಕೆ ಕಂಪ್ರೆಸರನ್ನು ನಿಲ್ಲಿಸಿದರೆ, ಮತ್ತೆ ಅದನ್ನು ಚಾಲೂ ಮಾಡುವುದು 110ಕ್ಕೆ ಇಳಿದಾಗ. ಟ್ಯಾಂಕಿನ ಒತ್ತಡ ಸರಿಯಾಗಿ 111ರಲ್ಲಿ ನಿಂತಿರುವ ಗಳಿಗೆಯಲ್ಲಿ ಗುಂಡಿ ಒತ್ತಿದರೆ ನನಗೆ ಸಿಗುವುದು 10 ಗ್ಯಾಲನ್ನಿನ ಮೇಲೆ ಬರೀ 21 ಪಿಎಸ್ಐ, ಅಂದರೆ ಗುಣಲಬ್ಧ 210. 165ಕ್ಕೆ ಚಾಲೂ ಆಗಿ 200ಕ್ಕೆ ನಿಲ್ಲುವ ವ್ಯವಸ್ಥೆಯಲ್ಲಿ, ಅದರ ಅತ್ಯಂತ ಕೆಟ್ಟ ಗಳಿಗೆಯಲ್ಲೂ 5 ಗ್ಯಾಲನ್ನಿನ ಮೇಲೆ 75 ಪಿಎಸ್ಐ ಉಳಿದಿರುತ್ತದೆ, ಗುಣಲಬ್ಧ 375. ಹಾರ್ನನ್ನು ಯಾವ ಕ್ಷಣದಲ್ಲಾದರೂ ಪೂರ್ಣ ಬಲದಿಂದ ಊದಬೇಕೆನ್ನುವವರಿಗೆ 200ರ ವ್ಯವಸ್ಥೆಯೇ ಮೇಲು, ಅದಕ್ಕೆ ತಕ್ಕ ಕೊಳವೆ ಮತ್ತು ಟ್ಯಾಂಕಿಗೆ ಹಣ ಹಾಕಲು ಸಿದ್ಧರಿದ್ದರೆ. ನನಗೆ ಅಂಥ ಅವಸರವಿಲ್ಲ. ಮೀಟರ್ ನೋಡಿ, ತುಂಬಿದ ಮೇಲೆ ಊದುತ್ತೇನೆ.

ಇನ್ನು ಟ್ಯಾಂಕಿನ ಆಯ್ಕೆ. ನಾನು ಅಲಂಕಾರದ ಅಂಗಡಿಗಳನ್ನು ಬಿಟ್ಟು ಲಾರಿಗಳ ಬಿಡಿಭಾಗ ಮಾರುವ ಅಂಗಡಿಗೆ ಹೋಗಿ, ಭಾರಿ ಲಾರಿಗಳ ಏರ್‌ಬ್ರೇಕಿಗೆ ಬಳಸುವ ಎರಡು ಹೊಸ ಟ್ಯಾಂಕುಗಳನ್ನು ತಂದೆ. ಅಮೆರಿಕದ ಫೆಡರಲ್ ಮೋಟಾರು ವಾಹನ ಸುರಕ್ಷತಾ ಮಾನದಂಡ 121ರ ಪ್ರಕಾರ ಬ್ರೇಕಿನ ಗಾಳಿ ಟ್ಯಾಂಕು, ಕಂಪ್ರೆಸರ್ ನಿಲ್ಲುವ ಒತ್ತಡದ ಐದು ಪಟ್ಟು ಅಥವಾ 500 ಪಿಎಸ್ಐ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ನೀರಿನ ಒತ್ತಡವನ್ನು 10 ನಿಮಿಷ ತಡೆದುಕೊಳ್ಳಬೇಕು. ಪ್ರತಿ ಟ್ಯಾಂಕಿಗೂ ನೀರು ಹೊರಬಿಡುವ, ಕೈಯಿಂದ ತೆರೆಯಬಹುದಾದ ವಾಲ್ವ್ ಇರಬೇಕೆಂದೂ ಅದೇ ಮಾನದಂಡ ಹೇಳುತ್ತದೆ. ಮನುಷ್ಯರ ಪ್ರಾಣ ನಿಂತಿರುವ ಬ್ರೇಕಿಗಾಗಿ ಮಾಡಿದ ವಸ್ತು, ಕ್ರೋಮ್ ಹೊಳಪಿನ ಟ್ಯಾಂಕಿಗಿಂತ ಅಗ್ಗಕ್ಕೆ ಸಿಗುತ್ತದೆ ಎನ್ನುವುದು ನನಗೆ ಇಂದಿಗೂ ಸೋಜಿಗ. ಎರಡಕ್ಕೂ ಸೇರಿ ಸುಮಾರು 200 ಡಾಲರ್ ಆಯಿತು. ಬಾಯಿಗಳು ಕಾಲಿಂಚು, ಅರ್ಧ ಇಂಚು, ಮುಕ್ಕಾಲು ಇಂಚು ಹೀಗೆ ಬೇರೆ ಬೇರೆ ಅಳತೆಯಲ್ಲಿವೆ. ಒಳಮೈಗೆ ತುಕ್ಕು ತಡೆಯುವ ಲೇಪವಿದೆ. ಕೆತ್ತಿದ ಅಕ್ಷರಗಳ ಫಲಕ ಮೈಗೆ ಅಂಟಿಕೊಂಡೇ ಇದೆ. ಗುಜರಿಯಲ್ಲಿ ಹಳೆಯ ಬ್ರೇಕ್ ಟ್ಯಾಂಕು ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಒಳಗೋಡೆಯ ದಪ್ಪ ಎಷ್ಟು ಉಳಿದಿದೆ ಎಂಬುದನ್ನು ಹೊರಗಿನ ಬಣ್ಣ ನೋಡಿ ಹೇಳಲು ಬರುವುದಿಲ್ಲ. ಅದನ್ನು ಕೊಳ್ಳಬೇಡಿ.

ಇದರಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಕಾರಣ ಒಂದು ಸಣ್ಣ ಲೆಕ್ಕ. 5 ಗ್ಯಾಲನ್ ಟ್ಯಾಂಕಿನಲ್ಲಿ 150 ಪಿಎಸ್ಐ ಗಾಳಿ ತುಂಬಿದಾಗ ಅದರಲ್ಲಿ ಅಡಗಿರುವ ಶಕ್ತಿ ಸರಿಸುಮಾರು 30 ಕಿಲೋಜೂಲ್, ಅಂದರೆ ಒಂದು ಟನ್ ತೂಕವನ್ನು ಮೂರು ಮೀಟರ್ ಮೇಲಕ್ಕೆತ್ತುವಷ್ಟು. ಇಂಥದ್ದು ಹಿಂದಿನ ಸೀಟಿನ ಕೆಳಗೆ, ಮಕ್ಕಳು ಕೂರುವ ಜಾಗದ ಅಡಿಯಲ್ಲಿ ಇರುತ್ತದೆ. ಟ್ಯಾಂಕಿಗೆ ಬ್ರಾಕೆಟ್ ಬೇಕೆಂದು ಅದರ ಮೈಗೆ ವೆಲ್ಡಿಂಗ್ ಮಾಡುವುದು, ಇನ್ನೊಂದು ಬಾಯಿ ಬೇಕೆಂದು ಡ್ರಿಲ್ ಹಾಕುವುದು, ಬಾಯಿಯ ಥ್ರೆಡ್ಡನ್ನು ದೊಡ್ಡದು ಮಾಡುವುದು, ಇವು ಮೂರೂ ಮಾಡಲೇಬಾರದ ಕೆಲಸಗಳು. ಬೇಕಾದಷ್ಟು ಬಾಯಿಗಳಿರುವ ಟ್ಯಾಂಕನ್ನೇ ಮೊದಲು ಆರಿಸಿಕೊಳ್ಳಬೇಕು: ಒಳಬರುವ ಗಾಳಿಗೊಂದು, ಹಾರ್ನಿಗೊಂದು ದೊಡ್ಡದು, ಸ್ವಿಚ್ಚಿಗೊಂದು, ಮೀಟರಿಗೊಂದು, ಸುರಕ್ಷತಾ ವಾಲ್ವಿಗೊಂದು, ತಳದಲ್ಲಿ ಡ್ರೇನಿಗೊಂದು. ಉಳಿದ ಬಾಯಿಗೆ ಹಿತ್ತಾಳೆಯ ಪ್ಲಗ್.

ಅಲ್ಯುಮಿನಿಯಂ ಟ್ಯಾಂಕು ಹಗುರ, ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಮೆದು ಥ್ರೆಡ್ಡಿನಲ್ಲಿ ಫಿಟ್ಟಿಂಗನ್ನು ನಾಲ್ಕಾರು ಸಲ ಬಿಚ್ಚಿ ಹಾಕಿದರೆ ಥ್ರೆಡ್ ಕಿತ್ತುಬರುತ್ತದೆ. ಮೇಲಿಂದ ಮೇಲೆ ಬದಲಾವಣೆ ಮಾಡುವ ನನ್ನಂಥವರಿಗೆ ಉಕ್ಕೇ ಸರಿ.

ಟ್ಯಾಂಕಿನೊಳಗಿನ ನೀರಿನ ಬಗ್ಗೆ ಹ್ಯೂಸ್ಟನ್ನಿನಲ್ಲಿ ಇರುವವರಿಗೆ, ಮಂಗಳೂರಿನ ಮಳೆಗಾಲ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 80 ಆರ್ದ್ರತೆ ಇರುವ ದಿನ ಒಂದು 5 ಗ್ಯಾಲನ್ ಟ್ಯಾಂಕನ್ನು 150 ಪಿಎಸ್ಐಗೆ ತುಂಬಿಸಿದರೆ, ಗಾಳಿ ತಣಿದ ಮೇಲೆ ನಾಲ್ಕು ಗ್ರಾಂಗೂ ಹೆಚ್ಚು ನೀರು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಹೆಚ್ಚೂಕಡಿಮೆ ಒಂದು ಚಹಾ ಚಮಚ. ಹತ್ತು ಸಲ ತುಂಬಿಸಿ ಖಾಲಿ ಮಾಡಿದರೆ ಕಾಲು ಲೋಟಕ್ಕೆ ಸಮೀಪ. ಆದ್ದರಿಂದ ಟ್ಯಾಂಕನ್ನು ಚಾಸಿಗೆ ಕೂರಿಸುವಾಗ ಡ್ರೇನ್ ಬಾಯಿ ನಿಜವಾಗಿಯೂ ಅತ್ಯಂತ ಕೆಳಗಿನ ಬಿಂದುವಾಗಿದೆಯೇ ಎಂದು ನೋಡಬೇಕು, ಹಾರ್ನಿಗೆ ಹೋಗುವ ಗಾಳಿಯನ್ನು ಮೇಲ್ಭಾಗದ ಬಾಯಿಂದ ತೆಗೆಯಬೇಕು. ನಾನು ಡ್ರೇನ್ ಕಾಕಿಗೆ ಒಂದು ತಂತಿ ಕಟ್ಟಿ ಅದರ ತುದಿಯನ್ನು ಬಂಪರಿನವರೆಗೆ ಎಳೆದಿದ್ದೇನೆ. ನೆಲಕ್ಕೆ ಬಗ್ಗದೆ ಕೆಲಸ ಆಗುವುದಾದರೆ ಅದು ಪ್ರತಿ ಬಾರಿಯೂ ಆಗುತ್ತದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ, ಫಿಟ್ಟಿಂಗುಗಳಿಗೆ ಬರುತ್ತೇನೆ. ಅಂಗಡಿಯಲ್ಲಿ ಫಿಟ್ಟಿಂಗಿಗೆ ಹೇಳುವ ಅಳತೆ ಥ್ರೆಡ್ಡಿನದು, ಕೊಳವೆಗೆ ಹೇಳುವ ಅಳತೆ ಹೊರವ್ಯಾಸದ್ದು. ಗಾಳಿ ಹಾದುಹೋಗುವ ಒಳರಂಧ್ರದ ಅಳತೆಯನ್ನು ಯಾರೂ ಹೇಳುವುದಿಲ್ಲ, ನಾವೇ ಕ್ಯಾಲಿಪರ್ ಹಿಡಿದು ನೋಡಬೇಕು. ಕಾಲಿಂಚಿನ ಜೆ844 ನೈಲಾನ್ ಕೊಳವೆಯ ಒಳವ್ಯಾಸ 0.170 ಇಂಚು. 3/8 ಇಂಚಿನದ್ದು 0.251. ಅರ್ಧ ಇಂಚಿನದ್ದು ಕೂಡ 0.376 ಮಾತ್ರ. ಗಾಳಿಯ ದಾರಿಯ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, ಕಾಲಿಂಚಿನಿಂದ ಅರ್ಧ ಇಂಚಿಗೆ ಹೋದರೆ ದಾರಿ ಎರಡು ಪಟ್ಟಲ್ಲ, ಸುಮಾರು ಐದು ಪಟ್ಟು ಹಿಗ್ಗುತ್ತದೆ. ಅರ್ಧ ಇಂಚು ಒಳವ್ಯಾಸವೇ ಇರುವ, ಎಸ್‌ಎಇ ಜೆ1402 ಮಾನದಂಡದ ರಬ್ಬರ್ ಏರ್‌ಬ್ರೇಕ್ ಹೋಸ್ ಬಳಸಿದರೆ ಎಂಟೂವರೆ ಪಟ್ಟು. ನಾನು ಟ್ಯಾಂಕಿನಿಂದ ಹಾರ್ನಿನವರೆಗೆ ಈ ರಬ್ಬರ್ ಹೋಸನ್ನೇ ಹಾಕಿದೆ, ಅದೂ ಟ್ಯಾಂಕುಗಳನ್ನು ಹಾರ್ನಿನ ಹತ್ತಿರಕ್ಕೆ ಸರಿಸಿ, ಹದಿನಾಲ್ಕು ಅಡಿಯ ದಾರಿಯನ್ನು ನಾಲ್ಕು ಅಡಿಗೆ ಇಳಿಸಿ. ಕಂಪ್ರೆಸರಿನಿಂದ ಟ್ಯಾಂಕಿಗೆ ಬರುವ ಕಡೆ, ಗಾಳಿ ನಿಧಾನವಾಗಿ ಬರುವುದರಿಂದ, 3/8 ಇಂಚಿನ ನೈಲಾನ್ ಧಾರಾಳವಾಗಿ ಸಾಕು.

ಎರಡು ಟ್ಯಾಂಕುಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿಯೂ ಇಷ್ಟೇ ಅಗಲವಿರಬೇಕು. ಕಾಲಿಂಚಿನ ಕೊಳವೆಯಲ್ಲಿ ಎರಡನೆಯ ಟ್ಯಾಂಕನ್ನು ಸೇರಿಸಿದರೆ, ಮೊದಲನೆಯದು ಖಾಲಿಯಾಗಿ ಹಾರ್ನ್ ನಿಂತ ಮೇಲೆ ಎರಡನೆಯದು ನಿಧಾನವಾಗಿ ಅದನ್ನು ತುಂಬುತ್ತ ಕೂರುತ್ತದೆ.

ಕೊಳವೆ ಎಷ್ಟೇ ಅಗಲವಿದ್ದರೂ ನಡುವಿನ ಒಂದು ರೆಡ್ಯೂಸರ್ ಬುಷ್ ಅಷ್ಟನ್ನೂ ವ್ಯರ್ಥ ಮಾಡಬಲ್ಲದು. ಅರ್ಧ ಇಂಚಿನ ಥ್ರೆಡ್ ಇರುವ ಸೊಲೆನಾಯ್ಡ್ ವಾಲ್ವ್ ಎಂದರೆ ಒಳಗಿನ ರಂಧ್ರವೂ ಅರ್ಧ ಇಂಚು ಎಂದು ತಿಳಿಯಬಾರದು. ನನ್ನ ಹಳೆಯ ಸೆಟ್ಟಿನ ವಾಲ್ವನ್ನು ಬಿಚ್ಚಿ ನೋಡಿದಾಗ ಒಳಗಿನ ರಂಧ್ರ ಪೆನ್ಸಿಲಿನಷ್ಟೂ ಇರಲಿಲ್ಲ. ಕೊಳ್ಳುವ ಮೊದಲು ವಾಲ್ವಿನ ವಿವರಪತ್ರದಲ್ಲಿ ಒಳರಂಧ್ರದ ಅಳತೆಯನ್ನು ಹುಡುಕಿ, ಅದು ಇಲ್ಲದಿದ್ದರೆ ಬೇರೆ ವಾಲ್ವ್ ನೋಡಿ. ಎಲ್ಬೋಗಳ ಲೆಕ್ಕವೂ ಹೀಗೆಯೇ. ಒಂದು ಸಾಧಾರಣ 90 ಡಿಗ್ರಿ ಎಲ್ಬೋ ಒಡ್ಡುವ ತಡೆ, ಅದೇ ವ್ಯಾಸದ ನೇರ ಕೊಳವೆ ವ್ಯಾಸದ ಮೂವತ್ತು ಪಟ್ಟು ಉದ್ದವಿದ್ದರೆ ಎಷ್ಟೋ ಅಷ್ಟು. ಅರ್ಧ ಇಂಚಿನಲ್ಲಿ ಅದು ಹದಿನೈದು ಇಂಚಿಗೆ ಸಮ. ಹೋಸನ್ನು ದೊಡ್ಡ ಬಾಗಿನಲ್ಲಿ ತಿರುಗಿಸಲು ಜಾಗವಿದ್ದರೆ ಎಲ್ಬೋ ಬೇಡ. ಗ್ಯಾರೇಜುಗಳಲ್ಲಿ ಗಾಳಿ ಗನ್ನಿಗೆ ಬಳಸುವ ಕ್ವಿಕ್ ಕಪ್ಲಿಂಗನ್ನು ಹಾರ್ನಿನ ಲೈನಿನಲ್ಲಿ ಹಾಕುವುದಂತೂ ಬೇಡವೇ ಬೇಡ. ಅದರೊಳಗಿನ ಸ್ಪ್ರಿಂಗ್ ಮತ್ತು ಕವಾಟ ಗಾಳಿಗೆ ಅಡ್ಡ ನಿಂತಿರುತ್ತವೆ.

ನೈಲಾನ್ ಕೊಳವೆಯ ಕಡೆಗೆ ನಾನು ಆರಿಸಿದ್ದು ಪಾರ್ಕರ್ ಕಂಪನಿಯ ಹಿತ್ತಾಳೆಯ, ಏರ್‌ಬ್ರೇಕಿಗೆ ಒಪ್ಪಿಗೆಯಾದ ಒತ್ತಿ ಸೇರಿಸುವ ಫಿಟ್ಟಿಂಗುಗಳನ್ನು. ಇವುಗಳೊಳಗೆ ಕೊಳವೆಯ ತುದಿ ಚಪ್ಪಟೆಯಾಗದಂತೆ ಆಧಾರ ಕೊಡುವ ಲೋಹದ ಸಣ್ಣ ತೋಳು ಇರುತ್ತದೆ, ಕಾರ್ಖಾನೆಯೊಳಗಿನ ಯಂತ್ರಗಳಿಗೆಂದು ಮಾಡಿದ ಅಗ್ಗದ ಪ್ಲಾಸ್ಟಿಕ್ ಫಿಟ್ಟಿಂಗುಗಳಲ್ಲಿ ಅದು ಇರುವುದಿಲ್ಲ. ಹಳೆಯ ಸೆಟ್ಟಿನ ಪ್ಲಾಸ್ಟಿಕ್ ಎಲ್ಬೋ ಒಂದು ಸೈಲೆನ್ಸರಿಗೆ ಒಂದು ಗೇಣು ದೂರದಲ್ಲಿದ್ದರೂ ಮೆತ್ತಗಾಗಿ ಓರೆಯಾಗಿತ್ತು. ಕೊಳವೆಯನ್ನು ಕತ್ತರಿಸುವಾಗ ಇಕ್ಕಳದಿಂದ ಚಿವುಟದೆ, ಕೊಳವೆ ಕತ್ತರಿಸುವ ಉಪಕರಣದಿಂದಲೇ ನೆಟ್ಟಗೆ ಕತ್ತರಿಸಬೇಕು. ಓರೆಯಾದ ತುದಿ ಒಳಗಿನ ರಬ್ಬರ್ ಉಂಗುರವನ್ನು ಸೀಳುತ್ತದೆ. ಮನೆಯ ನಲ್ಲಿಗೆ ಬಳಸುವ ಪಿವಿಸಿ ಪೈಪಿನಿಂದಲೇ ಗಾಳಿಯ ಲೈನು ಮಾಡುವವರಿದ್ದಾರೆ. ಒತ್ತಡದ ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ, ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಇದರ ಬಗ್ಗೆ ಬಹಳ ಹಿಂದೆಯೇ ಎಚ್ಚರಿಸಿದೆ.

ಥ್ರೆಡ್ಡಿನ ವಿಷಯದಲ್ಲಿ ಭಾರತದಿಂದ ಬಂದವರು ವಿಶೇಷವಾಗಿ ಜಾಗರೂಕರಾಗಿರಬೇಕು, ಏಕೆಂದರೆ ನಾನೇ ಎಡವಿದ್ದು ಇಲ್ಲಿ. ನಮ್ಮಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ಮೂಲದ ಬಿಎಸ್‌ಪಿ ಥ್ರೆಡ್, ಇಲ್ಲಿರುವುದು ಅಮೆರಿಕದ ಪೈಪ್ ಥ್ರೆಡ್ಡಾದ ಎನ್‌ಪಿಟಿ. ಬಿಎಸ್‌ಪಿಯ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಕಾಲಿಂಚಿನಲ್ಲಿ ಬಿಎಸ್‌ಪಿಗೆ ಇಂಚಿಗೆ 19 ಎಳೆ, ಎನ್‌ಪಿಟಿಗೆ 18. ಆದ್ದರಿಂದ ಒಂದನ್ನು ಇನ್ನೊಂದಕ್ಕೆ ತಿರುಗಿಸಲು ಹೋದರೆ ಬೇಗನೆ ಬಿಗಿದುಕೊಂಡು ತಪ್ಪು ಗೊತ್ತಾಗುತ್ತದೆ. ಆದರೆ ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಎಳೆ. ಬೆಂಗಳೂರಿನಿಂದ ತಂದಿದ್ದ ಒಂದು ಚೆಂದದ ಹಿತ್ತಾಳೆಯ ಬಾಲ್ ವಾಲ್ವನ್ನು ನಾನು ಇಲ್ಲಿನ ಟ್ಯಾಂಕಿಗೆ ತಿರುಗಿಸಿದಾಗ ಅದು ಯಾವ ತಕರಾರೂ ಇಲ್ಲದೆ ಕೂತಿತು, ಬಿಗಿಯಾಯಿತು ಎಂದೂ ಅನ್ನಿಸಿತು, ಆದರೆ ಎಷ್ಟು ಟೇಪ್ ಸುತ್ತಿದರೂ ಗಾಳಿ ಸೋರುವುದು ನಿಲ್ಲಲಿಲ್ಲ. ಎಳೆಗಳ ಸಂಖ್ಯೆ ಒಂದೇ ಆದರೂ ಕೋನ ಬೇರೆಯಾದ್ದರಿಂದ ಅವುಗಳ ನಡುವೆ ಸುರುಳಿಯಾಕಾರದ ಸಂದು ಉಳಿದುಬಿಡುತ್ತದೆ. ಮೂರು ದಿನ ಆ ಸೋರಿಕೆಯ ಹಿಂದೆ ಬಿದ್ದು, ಕೊನೆಗೆ ಥ್ರೆಡ್ ಗೇಜ್ ಹಿಡಿದಾಗ ವಿಷಯ ತಿಳಿಯಿತು.

ಟೆಫ್ಲಾನ್ ಟೇಪನ್ನು ಎರಡು ಮೂರು ಸುತ್ತು, ಥ್ರೆಡ್ ತಿರುಗುವ ದಿಕ್ಕಿನಲ್ಲೇ, ತುದಿಯ ಒಂದೆರಡು ಎಳೆಗಳನ್ನು ಬಿಟ್ಟು ಸುತ್ತಬೇಕು. ತುದಿಯವರೆಗೂ ಸುತ್ತಿದರೆ ಅದರ ಚೂರು ಹರಿದು ಸೊಲೆನಾಯ್ಡಿನೊಳಗೆ ಸಿಕ್ಕಿಕೊಂಡು, ಗುಂಡಿ ಬಿಟ್ಟ ಮೇಲೂ ಹಾರ್ನ್ ಕೂಗುತ್ತಲೇ ಇರುತ್ತದೆ. ಈ ಅಪಾಯವಿರುವುದರಿಂದ ವಾಲ್ವಿಗಿಂತ ಮೊದಲು ಬರುವ ಜೋಡಣೆಗಳಲ್ಲಿ ನಾನು ಟೇಪ್ ಬಿಟ್ಟು ಥ್ರೆಡ್ಡಿಗೆ ಹಚ್ಚುವ ಪೇಸ್ಟನ್ನೇ ಬಳಸಿದ್ದೇನೆ.

ಉಳಿದ ಭಾಗಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಂಪ್ರೆಸರಿನ ಬಾಯಿಂದ ಹೊರಬರುವ ಗಾಳಿ ಬಹಳ ಬಿಸಿ. ಅಲ್ಲಿಗೆ ನೇರವಾಗಿ ನೈಲಾನ್ ಕೊಳವೆ ಸೇರಿಸಬಾರದು, ಕಂಪ್ರೆಸರಿನ ಜೊತೆಗೆ ಬರುವ ಉಕ್ಕಿನ ಹೆಣಿಗೆಯ ಹೋಸನ್ನು ತೆಗೆಯಬಾರದು, ಅದರ ತುದಿಯಲ್ಲಿ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವನ್ನು ಕೈಬಿಡಬಾರದು. ಸುರಕ್ಷತಾ ವಾಲ್ವ್ ತೆರೆಯುವ ಒತ್ತಡ, ಸ್ವಿಚ್ ನಿಲ್ಲಿಸುವ ಒತ್ತಡಕ್ಕಿಂತ ಮೇಲೂ ಟ್ಯಾಂಕಿನ ಫಲಕದಲ್ಲಿ ಬರೆದ ಗರಿಷ್ಠ ಒತ್ತಡವನ್ನು ಮೀರದಂತೆಯೂ ಇರಬೇಕು, ಮತ್ತು ಅದು ಟ್ಯಾಂಕಿನ ಮೈಮೇಲೇ ಕೂರಬೇಕು, ನಡುವೆ ಮುಚ್ಚಬಹುದಾದ ಯಾವ ವಾಲ್ವೂ ಇರಕೂಡದು. ಹಾರ್ನಿನ ಲೈನಿನಲ್ಲಿ ಟ್ಯಾಂಕಿನ ಪಕ್ಕದಲ್ಲೇ ಪೂರ್ಣ ರಂಧ್ರದ ಒಂದು ಬಾಲ್ ವಾಲ್ವ್ ಹಾಕಿದ್ದೇನೆ. ರಸ್ತೆಗೆ ಇಳಿಯುವಾಗ ಅದನ್ನು ಮುಚ್ಚುತ್ತೇನೆ, ಹಿಡಿಕೆ ಕೊಳವೆಗೆ ಅಡ್ಡಲಾಗಿರುವುದು ದೂರದಿಂದಲೇ ಕಾಣುತ್ತದೆ.

ಏರ್‌ಬ್ರೇಕ್ ಇರುವ ದೊಡ್ಡ ಲಾರಿಯವರಿಗೆ ಒಂದು ಮಾತು. ಬ್ರೇಕಿನ ಟ್ಯಾಂಕಿನಲ್ಲಿ ಗಾಳಿ ಇದ್ದೇ ಇದೆಯಲ್ಲ ಎಂದು ಅದರಿಂದಲೇ ನೇರವಾಗಿ ರೈಲು ಹಾರ್ನಿಗೆ ಲೈನು ಎಳೆಯಬೇಡಿ. ಒತ್ತಡ ಒಂದು ಮಟ್ಟಕ್ಕೆ ಇಳಿದೊಡನೆ ಹಾರ್ನಿನ ದಾರಿಯನ್ನು ತಾನಾಗಿ ಮುಚ್ಚಿ ಬ್ರೇಕಿಗೆ ಗಾಳಿ ಉಳಿಸುವ ಪ್ರೆಶರ್ ಪ್ರೊಟೆಕ್ಷನ್ ವಾಲ್ವ್ ಇಲ್ಲದೆ, ಹಾರ್ನಿಗೆ ಬೇರೆ ಟ್ಯಾಂಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಹೊಸ ಜೋಡಣೆಯ ಮೇಲೆ ಮೊದಲ ಸಲ ಗುಂಡಿ ಒತ್ತಿದಾಗ ಟ್ಯಾಂಕಿನ ಮೀಟರ್ 140ರಲ್ಲಿದ್ದರೆ ಹಾರ್ನಿನ ಬುಡದ ಮೀಟರ್ 100 ದಾಟಿ ನಿಂತಿತು. ಹಾರ್ನ್ ಅದೇ, ಡಯಾಫ್ರಾಮ್ ಅದೇ. ಗಾಂಧಾರ ಬುಡದಿಂದ ಎದ್ದು ಬಂತು, ಮೂರು ಸ್ವರಗಳೂ ಒಂದೇ ಉಸಿರಿನಲ್ಲಿ ಶುರುವಾಗಿ ಏಳು ಸೆಕೆಂಡಿನವರೆಗೆ ಒಡೆಯದೆ ನಿಂತವು. ಇಲ್ಲಿನ ನಿಯಮದಂತೆ ರೈಲು ಲೆವೆಲ್ ಕ್ರಾಸಿಂಗಿಗೆ ಬರುವಾಗ 15ರಿಂದ 20 ಸೆಕೆಂಡು ಮೊದಲೇ ಎರಡು ದೀರ್ಘ, ಒಂದು ಹ್ರಸ್ವ, ಮತ್ತೊಂದು ದೀರ್ಘ ಕೂಗು ಹಾಕಬೇಕು. ಆ ಕ್ರಮವನ್ನು ಪೂರ್ತಿಯಾಗಿ ಊದಲು 10 ಗ್ಯಾಲನ್ ಸಾಲದು, ಮೊಟಕು ಮಾಡಿಕೊಂಡು ಊದಿದರೆ ಸಾಕಾಗುತ್ತದೆ. ಗೆಳೆಯರ ರಾಂಚ್‌ನಲ್ಲಿ ಕತ್ತಲಾಗುವ ಹೊತ್ತಿಗೆ ಹಾಗೆ ಊದಿದಾಗ ನನಗೆ ಅರಸೀಕೆರೆಯ ಮನೆಯ ಹಿತ್ತಿಲು ನೆನಪಾಯಿತು, ಸ್ವರ ಬೇರೆಯಾಗಿದ್ದರೂ.

ಸೋರಿಕೆಯನ್ನು ಸಾಬೂನು ನೀರು ಬಳಿದು ಪ್ರತಿ ಜೋಡಣೆಯಲ್ಲೂ ಪರೀಕ್ಷಿಸಿದ ಮೇಲೆ, ರಾತ್ರಿಯಿಡೀ ಟ್ಯಾಂಕು ತುಂಬಿಟ್ಟು ಬೆಳಗ್ಗೆ ಮೀಟರ್ ನೋಡುವುದು ವಾಡಿಕೆ. ಆಗ ಒಂದು ಸಂಗತಿ ನೆನಪಿರಲಿ. ಸಂಜೆ 35 ಡಿಗ್ರಿಯಲ್ಲಿ 150 ಪಿಎಸ್ಐ ಇದ್ದ ಟ್ಯಾಂಕು ಬೆಳಗಿನ 20 ಡಿಗ್ರಿಗೆ ತಣಿದರೆ, ಒಂದು ಹನಿ ಗಾಳಿಯೂ ಸೋರದಿದ್ದರೂ ಮೀಟರ್ 142 ತೋರಿಸುತ್ತದೆ. ಗಾಳಿ ತಣಿದು ಕುಗ್ಗಿದ್ದನ್ನು ಸೋರಿಕೆ ಎಂದು ತಿಳಿದು ಎಲ್ಲ ಫಿಟ್ಟಿಂಗುಗಳನ್ನೂ ಮತ್ತೆ ಬಿಗಿಯಲು ಹೊರಟರೆ, ಸರಿಯಾಗಿದ್ದ ಥ್ರೆಡ್ಡನ್ನೇ ಹಾಳುಮಾಡಿಕೊಳ್ಳುತ್ತೇವೆ.

ಕಿವಿಯ ಬಗ್ಗೆ ಮತ್ತು ಕಾನೂನಿನ ಬಗ್ಗೆ ಹೇಳದೆ ಇದನ್ನು ಮುಗಿಸಲಾಗದು. ಇಲ್ಲಿ ರೈಲು ಹಾರ್ನಿನ ಸದ್ದು ಎಂಜಿನ್ನಿನ ಮುಂದೆ 100 ಅಡಿ ದೂರದಲ್ಲಿ 96ರಿಂದ 110 ಡೆಸಿಬಲ್ ಇರಬೇಕೆಂದು ಫೆಡರಲ್ ನಿಯಮವಿದೆ. 100 ಅಡಿಯಲ್ಲಿ 110 ಇರುವ ಸದ್ದು ಮೂರು ಅಡಿಯಲ್ಲಿ, ಲೆಕ್ಕದ ಪ್ರಕಾರ, 140ರ ಹತ್ತಿರ ಬರುತ್ತದೆ, ಒಂದೇ ಕೂಗಿಗೆ ಕಿವಿಯನ್ನು ಶಾಶ್ವತವಾಗಿ ಕೆಡಿಸುವ ಮಟ್ಟ ಅದು. ಕಿವಿಗೆ ರಕ್ಷಣೆಯಿಲ್ಲದೆ ಯಾರೂ ಗಾಡಿಯ ಹತ್ತಿರ ನಿಲ್ಲಬಾರದು, ಮಕ್ಕಳನ್ನಂತೂ ದೂರವಿಡಬೇಕು. ಟೆಕ್ಸಾಸ್ ಸಾರಿಗೆ ಸಂಹಿತೆಯ 547.501ನೇ ವಿಧಿ, ವಾಹನದ ಹಾರ್ನ್ 200 ಅಡಿ ದೂರಕ್ಕೆ ಕೇಳಿಸಬೇಕು ಆದರೆ ವಿನಾಕಾರಣ ಜೋರಾಗಿ, ಕರ್ಕಶವಾಗಿ ಇರಬಾರದು ಎನ್ನುತ್ತದೆ. ಆದ್ದರಿಂದ ಗಾಡಿಯ ಮೂಲ ಹಾರ್ನನ್ನು ನಾನು ಮುಟ್ಟಿಲ್ಲ, ರಸ್ತೆಯಲ್ಲಿ ಬಳಸುವುದು ಅದನ್ನೇ. ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರು ತಮ್ಮ ಗಾಡಿಗೆ ಇಂಥದ್ದನ್ನು ಕೂರಿಸುವ ಯೋಚನೆ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ; ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಬಹುಸ್ವರದ ಹಾರ್ನನ್ನೂ, ಕರ್ಕಶ ಮತ್ತು ಗಾಬರಿ ಹುಟ್ಟಿಸುವ ಸದ್ದಿನ ಸಾಧನವನ್ನೂ ನಿಷೇಧಿಸಿದೆ, ಮತ್ತು ನಮ್ಮ ಊರುಗಳ ರಸ್ತೆಯಲ್ಲಿ ಜನ ಇರುವುದು ಗಾಡಿಯಿಂದ ಮೂರು ಅಡಿಯಲ್ಲೇ.

ಫಿಟ್ಟಿಂಗು ಮತ್ತು ಹೋಸಿಗೆ 130 ಡಾಲರ್ ಖರ್ಚಾಯಿತು. ಟ್ಯಾಂಕುಗಳ ಜೊತೆ ಕೂಡಿದರೆ, ಮೊದಲು ಕೊಂಡ ಸಿದ್ಧ ಸೆಟ್ಟಿಗಿಂತ ಕಡಿಮೆಯೇ. ಬ್ರೇಕ್ ಟ್ಯಾಂಕುಗಳಿಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಹಿತ್ತಾಳೆಯ ಫಿಟ್ಟಿಂಗುಗಳಿಗೂ. ರಬ್ಬರ್ ಹೋಸಿನ ಬಗ್ಗೆ ಇರುವ ಒಂದೇ ಕೊರತೆಯೆಂದರೆ ಅದರ ತುದಿಯ ಫಿಟ್ಟಿಂಗನ್ನು ಕೈಯಿಂದ ಕೂರಿಸಲಾಗದೆ ಅಂಗಡಿಯಲ್ಲೇ ಒತ್ತಿಸಿಕೊಂಡು ಬರಬೇಕು, ಹಾಗಾಗಿ ಉದ್ದವನ್ನು ಮೊದಲೇ ಸರಿಯಾಗಿ ಅಳೆದಿರಬೇಕು. ನಾನು ಎರಡು ಇಂಚು ಕಡಿಮೆ ಅಳೆದದ್ದರಿಂದ ಸೊಲೆನಾಯ್ಡಿನ ಮುಂದೆ ಒಂದು ಎಲ್ಬೋ ಇನ್ನೂ ಉಳಿದುಕೊಂಡಿದೆ. ಮುಂದಿನ ತಿಂಗಳು ಹೊಸ ಹೋಸ್ ಮಾಡಿಸಿ ಅದನ್ನೂ ತೆಗೆದು, ಎರಡೂ ಮೀಟರುಗಳನ್ನು ಮತ್ತೊಮ್ಮೆ ನೋಡಬೇಕೆಂದಿದ್ದೇನೆ.